ಸ್ಪೋರ್ಟ್ಸ್ ಕಾರಿಗೆ ಟೈರ್ ಆರಿಸುವಾಗ ಮಳೆಯ ದಿನದಿಂದ ಶುರು ಮಾಡಿ

ಟೈರ್ ಬದಲಿಸುವ ಹೊತ್ತು ಬಂದಾಗ ಸ್ಪೋರ್ಟ್ಸ್ ಕಾರು ಇಟ್ಟುಕೊಂಡವರು ಮೊದಲು ಕೇಳುವುದು ಒಂದೇ ಪ್ರಶ್ನೆ: ಯಾವುದಕ್ಕೆ ಗ್ರಿಪ್ ಜಾಸ್ತಿ? ಯಾವ ರಸ್ತೆಯಲ್ಲಿ, ಯಾವ ಹವೆಯಲ್ಲಿ ಅಂತ ಕೇಳುವವರು ಕಡಿಮೆ. ರಸ್ತೆ ಒಣಗಿದೆ, ಬಿಸಿಲಿದೆ, ಟೈರ್ ಚೆನ್ನಾಗಿ ಕಾದಿದೆ ಅಂದರೆ ದೊಡ್ಡ ಕಂಪನಿಗಳ ಯಾವುದೇ ಒಳ್ಳೆಯ ಪರ್ಫಾರ್ಮೆನ್ಸ್ ಟೈರ್ ಸಾಮಾನ್ಯ ರಸ್ತೆಗೆ ಬೇಕಾದ್ದಕ್ಕಿಂತ ಹೆಚ್ಚೇ ಹಿಡಿತ ಕೊಡುತ್ತದೆ. ಒಂದಕ್ಕೂ ಇನ್ನೊಂದಕ್ಕೂ ಇರುವ ಅಂತರ ಕಾಣುವುದು ಬೇರೆ ಹೊತ್ತಿನಲ್ಲಿ. ಬೆಳಗಿನ ಚಳಿಯಲ್ಲಿ ಹೊರಟ ಮೊದಲ ಕೆಲವು ಕಿಲೋಮೀಟರ್. ತಿರುವಿನ ನಡುವೆ ನಿಂತ ನೀರು. ಹೆದ್ದಾರಿಯಲ್ಲಿ ಜೋರು ಮಳೆ ಸುರಿಯುತ್ತಿರುವಾಗ ಮುಂದಿನ ಗಾಡಿ ದಿಢೀರನೆ ಬ್ರೇಕ್ ಹಾಕಿದ ಕ್ಷಣ.

ಹಾಗಾಗಿ ಯಾರು ಕೇಳಿದರೂ ನಾನು ಹೇಳುವುದು ಇದನ್ನೇ: ವರ್ಷದಲ್ಲಿ ನಿಮ್ಮ ಕಾರು ಎದುರಿಸುವ ಅತಿ ಕಷ್ಟದ ಐದು ನಿಮಿಷ ಯಾವುದು ಅಂತ ಗುರುತಿಸಿ, ಟೈರನ್ನು ಆ ಐದು ನಿಮಿಷಕ್ಕಾಗಿ ಆರಿಸಿ. ಖುಷಿಯ ಓಟಕ್ಕೆ ಬೇಕಾದ ಹಿಡಿತ ಅದರ ಜೊತೆಗೇ ಬರುತ್ತದೆ.

ಹೆಜ್ಜೆ 1: ಹಳೇ ಟೈರ್ ಬಿಚ್ಚಿಸುವ ಮೊದಲು ಅದನ್ನು ಓದಿ

ಸ್ಟೀರಿಂಗ್ ಪೂರ್ತಿ ತಿರುಗಿಸಿ ಕಾರು ನಿಲ್ಲಿಸಿದರೆ ಮುಂದಿನ ಟೈರಿನ ಮೈ ಚೆನ್ನಾಗಿ ಕಾಣುತ್ತದೆ. ಹಿಂದಿನದಕ್ಕೆ ಬಗ್ಗಿ, ಟಾರ್ಚ್ ಹಿಡಿದು ಒಳ ಅಂಚು ನೋಡಿ. ನಡುಭಾಗ ಮಾತ್ರ ಸವೆದಿದ್ದರೆ ಗಾಳಿ ಜಾಸ್ತಿ ಇತ್ತು. ಎರಡೂ ಅಂಚು ಸವೆದು ನಡುಭಾಗ ಉಳಿದಿದ್ದರೆ ಗಾಳಿ ಕಮ್ಮಿ ಇತ್ತು. ಒಳ ಅಂಚು ಒಂದೇ ಸವೆದಿದ್ದರೆ ಸ್ವಲ್ಪ ಯೋಚಿಸಬೇಕು. ಸ್ಪೋರ್ಟ್ಸ್ ಕಾರುಗಳಲ್ಲಿ ಚಕ್ರದ ಮೇಲ್ಭಾಗ ಕೊಂಚ ಒಳಕ್ಕೆ ವಾಲಿರುತ್ತದೆ, ಇದೇ ನೆಗೆಟಿವ್ ಕ್ಯಾಂಬರ್. ಅದರಿಂದ ಒಳ ಅಂಚು ಸ್ವಲ್ಪ ಬೇಗ ಸವೆಯುವುದು ಸಹಜ. ಆದರೆ ಹೊರಗಡೆ ರಬ್ಬರಿನ ಆಳ 4 ಮಿಲಿಮೀಟರ್ ಉಳಿದಿರುವಾಗ ಒಳಗಡೆ ಬೋಳಾಗಿದ್ದರೆ ಅದು ಬರೀ ಕ್ಯಾಂಬರ್ ಕೆಲಸ ಅಲ್ಲ, ಬಹುಮಟ್ಟಿಗೆ ಟೋ, ಅಂದರೆ ಮೇಲಿನಿಂದ ನೋಡಿದಾಗ ಚಕ್ರ ಒಳಕ್ಕೋ ಹೊರಕ್ಕೋ ಮುಖ ಮಾಡಿರುವ ಕೋನ, ತಪ್ಪಿದೆ. ಟೋ ತಪ್ಪಿದ ಚಕ್ರ ಕಾರು ನೇರವಾಗಿ ಓಡುವಾಗಲೂ ರಸ್ತೆಗೆ ಉಜ್ಜಿಕೊಂಡೇ ಹೋಗುತ್ತದೆ. ಇದನ್ನು ಸರಿ ಮಾಡದೆ ಎಂಥ ದುಬಾರಿ ಟೈರ್ ಹಾಕಿದರೂ ಅದೂ ಅದೇ ದಾರಿ ಹಿಡಿಯುತ್ತದೆ.

ಸವೆತದ ಜೊತೆಗೆ ನಿಮ್ಮ ದೂರುಗಳನ್ನೂ ಬರೆದಿಟ್ಟುಕೊಳ್ಳಿ. ಮಳೆಯಲ್ಲಿ ಹಿಂಬದಿ ಅಲುಗಾಡುತ್ತಿತ್ತಾ? ಸ್ಟೀರಿಂಗ್ ತಿರುಗಿಸಿದ ಮೇಲೆ ಕಾರಿನ ಮೂಗು ತಿರುಗಲು ತಡ ಮಾಡುತ್ತಿತ್ತಾ? ಹೆದ್ದಾರಿಯಲ್ಲಿ ಸದ್ದು ಜಾಸ್ತಿ ಇತ್ತಾ? ಟೈರ್ ಅಂಗಡಿಯವರು "ಯಾವುದು ಬೇಕು" ಅಂತ ಕೇಳಿದಾಗ ಬ್ರ್ಯಾಂಡ್ ಹೆಸರಿಗಿಂತ ಈ ಪಟ್ಟಿ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಹೆಜ್ಜೆ 2: ಸೈಜ್, ಭಾರ, ವೇಗ

ಚಾಲಕನ ಬಾಗಿಲು ತೆರೆದರೆ ಕಂಬದ ಮೇಲೆ ಒಂದು ಸ್ಟಿಕರ್ ಇರುತ್ತದೆ. ಕೆಲವು ಕಾರುಗಳಲ್ಲಿ ಪೆಟ್ರೋಲ್ ಮುಚ್ಚಳದ ಒಳಗೆ ಇರುತ್ತದೆ. ಕಾರು ತಯಾರಿಸಿದವರು ಹೇಳಿದ ಸೈಜ್ ಮತ್ತು ಗಾಳಿಯ ಒತ್ತಡ ಎರಡೂ ಅದರಲ್ಲಿವೆ. ಸೆಕೆಂಡ್ ಹ್ಯಾಂಡ್ ಕಾರು ಆಗಿದ್ದರೆ ಇದನ್ನು ನೋಡಲೇಬೇಕು, ಯಾಕೆಂದರೆ ಹಿಂದಿನ ಮಾಲೀಕರು ಏನು ಹಾಕಿದ್ದರೋ ಅದೇ ಸರಿ ಅಂತ ಇಲ್ಲ.

ಉದಾಹರಣೆಗೆ 245/40 ಝಡ್‌ಆರ್18 97ವೈ ಅಂತ ಇದೆ ಅಂದುಕೊಳ್ಳಿ. 245 ಅಂದರೆ ಟೈರಿನ ಅಗಲ, ಮಿಲಿಮೀಟರ್‌ನಲ್ಲಿ. 40 ಅಂದರೆ ಸೈಡ್‌ವಾಲ್‌ನ (ಟೈರಿನ ಪಕ್ಕದ ಗೋಡೆಯ) ಎತ್ತರ ಆ ಅಗಲದ ಶೇಕಡ 40, ಅಂದರೆ 98 ಮಿ.ಮೀ. ಝಡ್‌ಆರ್ ಅನ್ನುವುದು ಹೆಚ್ಚು ವೇಗಕ್ಕೆ ಮಾಡಿದ ರೇಡಿಯಲ್ ಟೈರ್ ಅನ್ನುವ ಗುರುತು. 18 ಅಂದರೆ ರಿಮ್ಮಿನ ವ್ಯಾಸ, ಇಂಚಿನಲ್ಲಿ. ಮೇಲೊಂದು ಕೆಳಗೊಂದು ಸೈಡ್‌ವಾಲ್ ಸೇರಿ 196, ರಿಮ್ 457, ಒಟ್ಟು ಟೈರಿನ ಎತ್ತರ ಸುಮಾರು 653 ಮಿ.ಮೀ. ಈ ಕೊನೆಯ ಸಂಖ್ಯೆಯನ್ನು ನೆನಪಿಟ್ಟುಕೊಳ್ಳಿ. ಸೈಜ್ ಬದಲಿಸುವುದಾದರೆ ಅದರ ಆಸುಪಾಸಿನಲ್ಲೇ ಇರಬೇಕು. 19 ಇಂಚಿನ ರಿಮ್ಮಿಗೆ ಹೋಗುವವರಿಗೆ 245/35 ಹೊಂದುತ್ತದೆ, ಅದರ ಎತ್ತರ ಸುಮಾರು 654. ಎತ್ತರ ತುಂಬಾ ಬದಲಾದರೆ ಸ್ಪೀಡೋಮೀಟರ್ ತಪ್ಪು ತೋರಿಸುತ್ತದೆ. ಮುಂದಿನ ಮತ್ತು ಹಿಂದಿನ ಚಕ್ರಗಳ ಎತ್ತರದ ಅನುಪಾತ ಕೆಟ್ಟರೆ ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಮತ್ತು ಕಾರು ಜಾರದಂತೆ ನೋಡಿಕೊಳ್ಳುವ ಸ್ಟೆಬಿಲಿಟಿ ಕಂಟ್ರೋಲ್‌ಗೂ ಗೊಂದಲವಾಗುತ್ತದೆ, ಯಾಕೆಂದರೆ ಯಾವ ಚಕ್ರ ಜಾರುತ್ತಿದೆ ಅಂತ ಅವು ತೀರ್ಮಾನಿಸುವುದೇ ಚಕ್ರಗಳ ವೇಗ ಹೋಲಿಸಿ.

97 ಅನ್ನುವುದು ಲೋಡ್ ಇಂಡೆಕ್ಸ್, ಒಂದು ಟೈರ್ 730 ಕೆಜಿ ಹೊರಬಲ್ಲದು ಅಂತ ಅರ್ಥ. ವೈ ಅಂದರೆ ಗಂಟೆಗೆ 300 ಕಿ.ಮೀ. ತನಕ. ಡಬ್ಲ್ಯೂ ಆದರೆ 270, ವಿ ಆದರೆ 240. ನಾನು ಅಷ್ಟು ವೇಗ ಹೋಗುವುದೇ ಇಲ್ಲವಲ್ಲ ಅಂತ ಕಡಿಮೆ ಅಕ್ಷರದ ಟೈರ್ ಕೊಳ್ಳಬೇಡಿ. ವೇಗದ ಅಕ್ಷರ ಆ ಟೈರ್ ಎಷ್ಟು ಶಾಖ ತಡೆಯುತ್ತದೆ ಅನ್ನುವುದರ ಲೆಕ್ಕವೂ ಹೌದು. ಲೋಡ್ ಇಂಡೆಕ್ಸ್ ಅಂತೂ ಯಾವ ಕಾರಣಕ್ಕೂ ಸ್ಟಿಕರ್‌ನಲ್ಲಿ ಇದ್ದದ್ದಕ್ಕಿಂತ ಕೆಳಗೆ ಹೋಗಬಾರದು. ಪಕ್ಕದಲ್ಲಿ ಎಕ್ಸ್‌ಎಲ್ ಅಂತ ಇದ್ದರೆ ಅದು ಹೆಚ್ಚು ಭಾರಕ್ಕೆ ಮಾಡಿದ ಟೈರ್, ಪೂರ್ತಿ ಭಾರ ಹೊರಲು ಅದಕ್ಕೆ ಗಾಳಿಯೂ ಸ್ವಲ್ಪ ಹೆಚ್ಚು ಬೇಕು.

ಇನ್ನು ಅಗಲದ ಆಸೆ. 225 ಇದ್ದಲ್ಲಿ 245 ಹಾಕಿದರೆ ಕಾರು ಇನ್ನೂ ಚೆನ್ನಾಗಿ ತಿರುಗುತ್ತದೆ ಅಂತ ಎಲ್ಲರಿಗೂ ಅನಿಸುತ್ತದೆ, ಅಲ್ವಾ? ಒಣ ರಸ್ತೆಯಲ್ಲಿ ಕೆಲವೊಮ್ಮೆ ಹೌದು, ಅದೂ ರಿಮ್ ಅಷ್ಟು ಅಗಲ ಇದ್ದರೆ ಮಾತ್ರ. ಪ್ರತಿ ಟೈರಿಗೂ ಇಂತಿಷ್ಟು ಅಗಲದ ರಿಮ್ ಅಂತ ಕಂಪನಿಯವರು ಹೇಳಿರುತ್ತಾರೆ. 245/40 ಆರ್18ಕ್ಕೆ ಸಾಮಾನ್ಯವಾಗಿ 8ರಿಂದ 9.5 ಇಂಚು. ಕಿರಿದಾದ ರಿಮ್ಮಿಗೆ ಅಗಲದ ಟೈರ್ ತುರುಕಿದರೆ ಸೈಡ್‌ವಾಲ್ ಹೊಟ್ಟೆ ಉಬ್ಬಿಸಿಕೊಂಡು ನಿಲ್ಲುತ್ತದೆ, ತಿರುವಿನಲ್ಲಿ ಟೈರಿನ ಮೈ ಪಕ್ಕಕ್ಕೆ ವಾಲಿ ಸ್ಟೀರಿಂಗ್ ಮಂದವಾಗುತ್ತದೆ. ಮಳೆಯಲ್ಲಿ ಅಗಲದ ಟೈರ್ ಇನ್ನೂ ಕಷ್ಟ. ಪಕ್ಕಕ್ಕೆ ತಳ್ಳಬೇಕಾದ ನೀರು ಜಾಸ್ತಿ, ಹಾಗಾಗಿ ಕಡಿಮೆ ವೇಗದಲ್ಲೇ ನೀರಿನ ಮೇಲೆ ತೇಲಲು ಶುರು ಮಾಡುತ್ತದೆ. ತೂಕವೂ ಹೆಚ್ಚು. ನನ್ನ ಮಾತು ಕೇಳುವುದಾದರೆ, ರಸ್ತೆಯಲ್ಲೇ ಓಡುವ ಕಾರಿಗೆ ತಯಾರಕರು ಹೇಳಿದ ಅಗಲವನ್ನೇ ಇಟ್ಟುಕೊಂಡು, ಅಗಲಕ್ಕೆ ಸುರಿಯುವ ದುಡ್ಡನ್ನು ಒಳ್ಳೆಯ ರಬ್ಬರಿಗೆ ಹಾಕಿ.

ಕೆಲವು ಟೈರ್‌ಗಳ ಮೇಲೆ ಕಾರು ತಯಾರಕರ ಗುರುತು ಇರುತ್ತದೆ. ಬಿಎಂಡಬ್ಲ್ಯೂಗೆ ನಕ್ಷತ್ರ, ಮರ್ಸಿಡಿಸ್‌ಗೆ ಎಂಒ, ಆಡಿಗೆ ಎಒ, ಪೋರ್ಷೆಗೆ ಎನ್0, ಎನ್1 ಹೀಗೆ. ಅದೇ ಹೆಸರಿನ ಟೈರಾದರೂ ಆ ಕಾರಿಗೆಂದೇ ಒಳಗಿನ ಕಟ್ಟಡವನ್ನೋ ರಬ್ಬರನ್ನೋ ಹೊಂದಿಸಿರುತ್ತಾರೆ. ಕಡ್ಡಾಯ ಅಂತ ಅಲ್ಲ, ಆದರೆ ಒಂದೇ ಕಾರಿನಲ್ಲಿ ಗುರುತಿರುವುದನ್ನೂ ಇಲ್ಲದ್ದನ್ನೂ ಬೆರೆಸಬೇಡಿ.

ಹೆಜ್ಜೆ 3: ಯಾವ ಬಗೆಯ ಟೈರ್ ಅನ್ನುವುದೇ ದೊಡ್ಡ ತೀರ್ಮಾನ

ಬ್ರ್ಯಾಂಡ್‌ಗಳ ನಡುವಿನ ಅಂತರಕ್ಕಿಂತ ಬಗೆಗಳ ನಡುವಿನ ಅಂತರ ತುಂಬಾ ದೊಡ್ಡದು. ಜನ ವಾರಗಟ್ಟಲೆ ಎರಡು ಬ್ರ್ಯಾಂಡ್ ಹೋಲಿಸುತ್ತಾ ಕೂರುತ್ತಾರೆ, ಆದರೆ ಎರಡೂ ತಮ್ಮ ಬಳಕೆಗೆ ಹೊಂದದ ಬಗೆಯವೇ ಆಗಿರುತ್ತವೆ.

ರಸ್ತೆಗೆಂದು ಮಾಡಿದ ಪರ್ಫಾರ್ಮೆನ್ಸ್ ಟೈರ್‌ಗಳನ್ನು ನಾಲ್ಕು ಗುಂಪು ಮಾಡಬಹುದು. ಒಂದು, ಆಲ್‌ಸೀಸನ್ ಪರ್ಫಾರ್ಮೆನ್ಸ್, ಅಂದರೆ ಎಲ್ಲ ಋತುವಿಗೂ ಮಾಡಿದವು. ಎರಡು, ಬೇಸಿಗೆಯ ಪರ್ಫಾರ್ಮೆನ್ಸ್ ಟೈರ್‌ಗಳು. ಮಿಶೆಲಿನ್ ಪೈಲಟ್ ಸ್ಪೋರ್ಟ್ 4ಎಸ್, ಕಾಂಟಿನೆಂಟಲ್ ಸ್ಪೋರ್ಟ್‌ಕಾಂಟ್ಯಾಕ್ಟ್ 7, ಬ್ರಿಜ್‌ಸ್ಟೋನ್ ಪೊಟೆಂಜಾ ಸ್ಪೋರ್ಟ್, ಗುಡ್‌ಇಯರ್ ಈಗಲ್ ಎಫ್1 ಸರಣಿ, ಪಿರೆಲ್ಲಿ ಪಿ ಝೀರೋ ಇವೆಲ್ಲ ಈ ಗುಂಪಿಗೆ ಸೇರುತ್ತವೆ. ಮೂರು, ಎಕ್ಸ್‌ಟ್ರೀಮ್ ಪರ್ಫಾರ್ಮೆನ್ಸ್, ಅಂದರೆ ವಾರಾಂತ್ಯದಲ್ಲಿ ರೇಸ್ ಟ್ರ್ಯಾಕಿಗೆ ಹೋಗುವವರು ಹಾಕುವ ಬ್ರಿಜ್‌ಸ್ಟೋನ್ ಆರ್‌ಇ-71ಆರ್‌ಎಸ್, ಯೊಕೊಹಾಮಾ ಅಡ್ವಾನ್ ನಿಯೋವಾ ಎಡಿ09, ಫಾಲ್ಕನ್ ಅಝೆನಿಸ್ ಆರ್‌ಟಿ660, ಹ್ಯಾಂಕುಕ್ ವೆಂಟಸ್ ಆರ್‌ಎಸ್4 ಥರದವು. ನಾಲ್ಕು, ರಸ್ತೆಯಲ್ಲಿ ಓಡಿಸಲು ಅನುಮತಿ ಇರುವ, ಆದರೆ ಮೂಲತಃ ಟ್ರ್ಯಾಕ್ ಟೈರ್‌ಗಳೇ ಆದ ಮಿಶೆಲಿನ್ ಪೈಲಟ್ ಸ್ಪೋರ್ಟ್ ಕಪ್ 2, ಟೋಯೋ ಪ್ರಾಕ್ಸಸ್ ಆರ್888ಆರ್ ಮುಂತಾದವು.

ಮೂರನೇ ಗುಂಪಿನ ಮೇಲೆ ಎಲ್ಲರ ಕಣ್ಣು. ಅದು ಯಾಕೆ ರಸ್ತೆಗೆ ಅಷ್ಟು ಒಗ್ಗುವುದಿಲ್ಲ ಅನ್ನುವುದಕ್ಕೆ ರಬ್ಬರಿನ ಸ್ವಭಾವ ಗೊತ್ತಿರಬೇಕು. ರಬ್ಬರ್ ರಸ್ತೆಯನ್ನು ಹಿಡಿಯುವುದು ಮುಖ್ಯವಾಗಿ ಎರಡು ರೀತಿಯಲ್ಲಿ: ಡಾಂಬರಿನ ಸಣ್ಣ ಸಣ್ಣ ಉಬ್ಬುತಗ್ಗಿಗೆ ಒತ್ತಿಕೊಂಡು ಅದರ ಆಕಾರ ಪಡೆಯುವುದರಿಂದ, ಮತ್ತು ಮೈಗೆ ಮೈ ಅಂಟುವುದರಿಂದ. ಎರಡಕ್ಕೂ ರಬ್ಬರ್ ಮೆತ್ತಗಿರಬೇಕು, ಮೆತ್ತಗಿರಲು ಸರಿಯಾದ ಬಿಸಿ ಬೇಕು. ಟ್ರ್ಯಾಕಿನ ಹತ್ತಿರಕ್ಕೆ ಹೋದಷ್ಟೂ ಆ ಬಿಸಿಯ ಮಟ್ಟ ಮೇಲೇರುತ್ತದೆ. ಮನೆಯಿಂದ ಕಚೇರಿಗೆ ನಿಧಾನವಾಗಿ ಹೋಗುವ ಕಾರಿನಲ್ಲಿ ಕಪ್ 2 ಥರದ ಟೈರ್ ಬಿಸಿಯಾಗುವುದೇ ಇಲ್ಲ. ಹಾಗಾಗಿ ಮಾರುವವರು ಹೇಳಿದ ಹಿಡಿತ ನಿಮಗೆ ಸಿಗುವುದೂ ಇಲ್ಲ.

ಇನ್ನೊಂದು ವಿಷಯ ನೀರು. ಟ್ರ್ಯಾಕಿನ ಕಡೆ ವಾಲಿದ ಟೈರ್‌ಗಳಲ್ಲಿ ನೀರು ಹರಿಯುವ ಕಾಲುವೆಗಳು (ಗ್ರೂವ್) ಕಡಿಮೆ, ಆಳವೂ ಕಡಿಮೆ. ಬೇಸಿಗೆಯ ಪರ್ಫಾರ್ಮೆನ್ಸ್ ಟೈರ್ ಹೊಸದಿದ್ದಾಗ ಟ್ರೆಡ್ (ರಸ್ತೆಗೆ ತಾಗುವ ಮೈ) ಆಳ 7ರಿಂದ 8 ಮಿ.ಮೀ. ಇದ್ದರೆ ಇವುಗಳಲ್ಲಿ ಕೆಲವಕ್ಕೆ ಹೊಸದರಲ್ಲೇ 6 ಮಿ.ಮೀ. ಆಸುಪಾಸು. ಬರೀ ಒದ್ದೆ ರಸ್ತೆಯಾದರೆ ಮೆತ್ತನೆ ರಬ್ಬರ್ ಚೆನ್ನಾಗಿಯೇ ಹಿಡಿಯಬಹುದು. ನೀರು ನಿಂತ ಕಡೆ ಕಥೆ ಬೇರೆ, ಅಲ್ಲಿ ರಬ್ಬರ್ ರಸ್ತೆಯನ್ನು ಮುಟ್ಟುವುದೇ ಇಲ್ಲ. ಅದೂ ಅರ್ಧ ಸವೆದ ಮೇಲೆ ತುಂಬಾ ಬೇಗ ತೇಲುತ್ತವೆ. ವರ್ಷದಲ್ಲಿ ತಿಂಗಳುಗಟ್ಟಲೆ ಮಳೆ ಕಾಣುವ, ಒಂದೇ ಸೆಟ್ ಟೈರಿನಲ್ಲಿ ಓಡುವ ಕಾರಿಗೆ ಇವನ್ನು ನಾನು ಹೇಳುವುದಿಲ್ಲ. ಟ್ರ್ಯಾಕಿಗೆ ನಿಜವಾಗಿಯೂ ಹೋಗುತ್ತೀರಿ ಅಂದರೆ ಎರಡನೇ ಸೆಟ್ ರಿಮ್ ತೆಗೆದುಕೊಂಡು ಈ ಟೈರ್‌ಗಳನ್ನು ಅದಕ್ಕೆ ಹಾಕಿಸಿ, ರಸ್ತೆಯ ಟೈರ್ ಕೂಡ ಹಾಳಾಗದೆ ಉಳಿಯುತ್ತದೆ.

ಚಳಿಯ ಮಾತು. ಬೇಸಿಗೆ ಟೈರ್ ಅನ್ನುವುದು ಸುಮ್ನೆ ಇಟ್ಟ ಹೆಸರಲ್ಲ. ಹವೆ ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ಇವುಗಳ ರಬ್ಬರ್ ಚಳಿಗೆ ಬಿಗಿದ ಮೇಣದಂತೆ ಗಟ್ಟಿಯಾಗುತ್ತಾ ಹೋಗುತ್ತದೆ, ಹಿಡಿತ ಬಿಡುತ್ತದೆ. ಶೂನ್ಯಕ್ಕಿಂತ ತುಂಬಾ ಕೆಳಗಿಳಿದ ಕಡೆ ಓಡಿಸಿದರೆ ಟ್ರೆಡ್ ಬಿರುಕು ಬಿಡುವ ಅಪಾಯವೂ ಇದೆ. ಹಿಮ, ಮಂಜುಗಡ್ಡೆ ಇರುವ ಊರಾದರೆ ಚಳಿಗಾಲಕ್ಕೆ ಬೇರೆ ಟೈರ್ ಬೇಕೇ ಬೇಕು. ಚಳಿ ಇದೆ ಆದರೆ ಹಿಮ ಅಪರೂಪ, ಎರಡು ಸೆಟ್ ಇಡಲು ಜಾಗ ಇಲ್ಲ ಅನ್ನುವವರಿಗೆ ಆಲ್‌ಸೀಸನ್ ಪರ್ಫಾರ್ಮೆನ್ಸ್ ಒಳ್ಳೆಯ ಆಯ್ಕೆ, ಅದರಲ್ಲಿ ಕಡಿಮೆತನ ಏನೂ ಇಲ್ಲ. ಬೆಚ್ಚನೆಯ ರಸ್ತೆಯಲ್ಲಿ ಸ್ವಲ್ಪ ಚುರುಕು ಕಳೆದುಕೊಳ್ಳುತ್ತೀರಿ, ಅದರ ಬದಲಿಗೆ ಚಳಿಯ ಬೆಳಗಿನಲ್ಲಿ ಕಾರು ನಿಮ್ಮ ಮಾತು ಕೇಳುತ್ತದೆ.

ಚಳಿ ಹೆಚ್ಚಿಲ್ಲದ, ಮಳೆ ಇರುವ ಕಡೆಗಳಿಗೆ ನನ್ನ ಉತ್ತರ ಬಹುಪಾಲು ಎರಡನೇ ಗುಂಪೇ. ಇವುಗಳಲ್ಲಿ ಟ್ರೆಡ್‌ನ ಹೊರ ಅಂಚು, ಒಳ ಅಂಚು ಬೇರೆ ಬೇರೆ ವಿನ್ಯಾಸದಲ್ಲಿರುತ್ತವೆ. ತಿರುವಿನಲ್ಲಿ ಭಾರ ಬೀಳುವ ಹೊರಗಡೆ ದೊಡ್ಡ ಗಟ್ಟಿ ಬ್ಲಾಕ್‌ಗಳು, ನೀರು ಓಡಿಸಲು ನಡುವೆ ಅಗಲವಾದ ಕಾಲುವೆಗಳು. ರಬ್ಬರಿಗೆ ಸಿಲಿಕಾ ಬೆರೆಸಿರುತ್ತಾರೆ, ಒದ್ದೆ ರಸ್ತೆಯ ಹಿಡಿತಕ್ಕೆ ಅದರದ್ದು ದೊಡ್ಡ ಪಾಲು. 2017ರಲ್ಲಿ ಪೈಲಟ್ ಸ್ಪೋರ್ಟ್ 4ಎಸ್ ಬಂದಾಗ ಜನ ಅದನ್ನು ಅಷ್ಟು ಮೆಚ್ಚಿದ್ದು ಒಣ ರಸ್ತೆಯ ಹಿಡಿತಕ್ಕೆ ಮಾತ್ರ ಅಲ್ಲ, ಒದ್ದೆಯಲ್ಲೂ ಅದು ಹೆದರಿಸುತ್ತಿರಲಿಲ್ಲ, ಸವೆತವೂ ಹತೋಟಿಯಲ್ಲಿತ್ತು. ಈಗ ಬೇರೆ ಕಂಪನಿಗಳ ಟೈರ್‌ಗಳೂ ಆ ಮಟ್ಟಕ್ಕೆ ಬಂದಿವೆ.

ಹೆಜ್ಜೆ 4: ಅಂಕಿಗಳನ್ನು ಎಷ್ಟು ನಂಬಬೇಕು

ಸೈಡ್‌ವಾಲ್ ಮೇಲೆ ಟ್ರೆಡ್‌ವೇರ್ 300 ಅಂತಲೋ 200 ಅಂತಲೋ ಇರುತ್ತದೆ. ಇದು ಅಮೆರಿಕದ ಸರ್ಕಾರಿ ಪದ್ಧತಿ. ಟೆಕ್ಸಾಸ್‌ನ ರಸ್ತೆಗಳಲ್ಲಿ 7,200 ಮೈಲಿ ಓಡಿಸಿ, 100 ಅಂಕದ ಒಂದು ಮಾದರಿ ಟೈರಿನ ಸವೆತಕ್ಕೆ ಹೋಲಿಸಿ ಅಂಕ ಕೊಡುತ್ತಾರೆ. ಆದರೆ ಅಂಕ ಕೊಡುವುದು ಟೈರ್ ಕಂಪನಿಯೇ. ಹಾಗಾಗಿ ಒಂದೇ ಕಂಪನಿಯ ಎರಡು ಟೈರ್ ಹೋಲಿಸಲು ಇದು ಉಪಯೋಗ, ಬೇರೆ ಬೇರೆ ಕಂಪನಿಗಳನ್ನು ಹೋಲಿಸಲು ಅಷ್ಟಾಗಿ ಅಲ್ಲ. 200ರ ಅಂಕಕ್ಕೆ ಇನ್ನೊಂದು ಹಿನ್ನೆಲೆ ಇದೆ. ಅಮೆರಿಕದ ಹವ್ಯಾಸಿ ಸ್ಪರ್ಧೆಗಳಲ್ಲಿ ಕೆಲವು ವರ್ಗಗಳಿಗೆ ಕನಿಷ್ಠ 200 ಟ್ರೆಡ್‌ವೇರ್ ಇರಬೇಕು ಅನ್ನುವ ನಿಯಮ ಇದೆ, ಆ ವರ್ಗಕ್ಕೆಂದೇ ಮಾಡಿದ ಟೈರ್‌ಗಳ ಮೇಲೆಲ್ಲ 200 ಅಂತ ಅಚ್ಚಾಗಿರುತ್ತದೆ. ಅವುಗಳಲ್ಲಿ ಕೆಲವು ತುಂಬಾ ಬೇಗ ಸವೆಯುತ್ತವೆ, ಕೆಲವು ಅಷ್ಟಿಲ್ಲ. ಅಂಕ ಮಾತ್ರ ಎಲ್ಲಕ್ಕೂ ಒಂದೇ.

ಅದರ ಪಕ್ಕದ ಟ್ರ್ಯಾಕ್ಷನ್ ಎಎ, ಎ ಅನ್ನುವ ಅಕ್ಷರ ಒದ್ದೆ ರಸ್ತೆಯಲ್ಲಿ ನೇರವಾಗಿ ಬ್ರೇಕ್ ಹಾಕಿದಾಗಿನ ಹಿಡಿತವನ್ನು ಮಾತ್ರ ಹೇಳುತ್ತದೆ. ತಿರುವಿನ ಬಗ್ಗೆ ಏನೂ ಹೇಳುವುದಿಲ್ಲ. ಯುರೋಪಿನ ಲೇಬಲ್‌ನಲ್ಲಿ, ಅದರ ಹೊಸ ರೂಪ 2021ರ ಮೇ ತಿಂಗಳಿಂದ ಜಾರಿಯಲ್ಲಿದೆ, ಒದ್ದೆ ಹಿಡಿತಕ್ಕೆ ಎಯಿಂದ ಇ ತನಕ ದರ್ಜೆ, ಸದ್ದಿಗೆ ಡೆಸಿಬಲ್ ಇರುತ್ತದೆ. ಒದ್ದೆ ಹಿಡಿತದಲ್ಲಿ ಎ ಇಲ್ಲದ ಪರ್ಫಾರ್ಮೆನ್ಸ್ ಟೈರ್ ಕೈಗೆತ್ತಿಕೊಳ್ಳುವ ಮೊದಲು ಎರಡು ಸಲ ಯೋಚಿಸಿ. ಆದರೆ ಆ ದರ್ಜೆಯೂ ನಿಂತ ನೀರಿನಲ್ಲಿ ತೇಲುವುದನ್ನು ಅಳೆಯುವುದಿಲ್ಲ.

ಹಾಗಾಗಿ ಸ್ವತಂತ್ರವಾಗಿ ಮಾಡಿದ ಹೋಲಿಕೆ ಪರೀಕ್ಷೆಗಳನ್ನು ಓದಬೇಕು. ಜರ್ಮನಿಯ ಎಡಿಎಸಿ ಥರದ ವಾಹನ ಸಂಘಗಳು, ಕಾರು ಪತ್ರಿಕೆಗಳು ಒಂದೇ ಕಾರು, ಒಂದೇ ದಿನ, ಒಂದೇ ಟ್ರ್ಯಾಕಿನಲ್ಲಿ ಹಲವು ಟೈರ್ ಓಡಿಸಿ ಅಳೆಯುತ್ತವೆ. ಓದುವಾಗ ಒಟ್ಟು ಅಂಕ, ಮೊದಲ ಸ್ಥಾನ ಇವಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಒದ್ದೆಯಲ್ಲಿ ಬ್ರೇಕ್ ದೂರ ಎಷ್ಟು ಮೀಟರ್, ಯಾವ ವೇಗದಲ್ಲಿ ನೀರಿನ ಮೇಲೆ ತೇಲಿತು, ಹಿಡಿತ ತಪ್ಪುವಾಗ ಹೇಗೆ ತಪ್ಪಿತು ಅನ್ನುವ ಮೂರು ಸಾಲು ಹುಡುಕಿ. ಪರೀಕ್ಷೆಯ ಸೈಜ್ ನಿಮ್ಮ ಸೈಜಿಗೆ ಹತ್ತಿರ ಇದೆಯಾ ನೋಡಿ. ಅದೇ ಹೆಸರಿನ ಟೈರ್ 17 ಇಂಚಿನಲ್ಲಿ ನಡೆದುಕೊಳ್ಳುವುದೇ ಬೇರೆ, 20 ಇಂಚಿನಲ್ಲಿ ನಡೆದುಕೊಳ್ಳುವುದೇ ಬೇರೆ.

ಬಳಸಿದವರ ಅಭಿಪ್ರಾಯ ಓದುವಾಗ ಒಂದು ಎಚ್ಚರ. ಬೋಳಾದ ಟೈರ್ ತೆಗೆದು ಹೊಸದು ಹಾಕಿದ ಮೊದಲ ವಾರ ಎಲ್ಲ ಟೈರೂ ಅದ್ಭುತ ಅನಿಸುತ್ತದೆ. 10,000 ಕಿ.ಮೀ. ಓಡಿಸಿದ ಮೇಲೆ, ಒಂದು ಮಳೆಗಾಲ ಕಂಡ ಮೇಲೆ ಬರೆದವರ ಮಾತಿಗೆ ತೂಕ ಜಾಸ್ತಿ.

ಹೆಜ್ಜೆ 5: ಹಿಡಿತ ತಪ್ಪುವುದು ಹೇಗೆ ಅಂತ ನೋಡಿ

ಹೆಚ್ಚಿನವರು ಬಿಟ್ಟುಬಿಡುವುದು ಇದನ್ನೇ, ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವುದೂ ಇದೇ. ತಿರುವಿನಲ್ಲಿ ಟೈರ್ ನೋಡುವ ದಿಕ್ಕಿಗೂ ಅದು ಹೋಗುವ ದಿಕ್ಕಿಗೂ ಸಣ್ಣ ಅಂತರ ಇರುತ್ತದೆ, ಇದಕ್ಕೆ ಸ್ಲಿಪ್ ಆಂಗಲ್ ಅನ್ನುತ್ತಾರೆ. ಅಂತರ ಹೆಚ್ಚಿದಂತೆ ಹಿಡಿತ ಏರುತ್ತದೆ, ಒಂದು ಮಿತಿ ಮುಟ್ಟಿ ಆಮೇಲೆ ಇಳಿಯುತ್ತದೆ. ಕೆಲವು ಟೈರ್‌ಗಳಲ್ಲಿ ಆ ಇಳಿತ ನಿಧಾನ. ಸ್ಟೀರಿಂಗ್ ಹಗುರಾಗುತ್ತದೆ, ಟೈರ್ ಸಣ್ಣಗೆ ಕೀರಲು ಶುರು ಮಾಡುತ್ತದೆ, ಎಕ್ಸಲರೇಟರ್‌ನಿಂದ ಕಾಲು ತೆಗೆಯಲು ನಿಮಗೆ ಸಮಯ ಸಿಗುತ್ತದೆ. ಇನ್ನು ಕೆಲವು ಟೈರ್‌ಗಳ ಮಿತಿಯೇ ಎತ್ತರ, ಆದರೆ ದಾಟಿದ ಕೂಡಲೇ ಹಿಡಿತ ಕುಸಿಯುತ್ತದೆ. ಪೂರ್ತಿ ಹಿಡಿತ ಶೇಕಡ 5 ಕಮ್ಮಿ ಇದ್ದರೂ ಮೊದಲೇ ಎಚ್ಚರಿಸಿ ಆಮೇಲೆ ಹಿಡಿತ ಬಿಡುವ ಟೈರನ್ನು ನಾನು ಆರಿಸುತ್ತೇನೆ. ರಸ್ತೆಯಲ್ಲಿ ಜಲ್ಲಿ ಇರುತ್ತದೆ, ಎಣ್ಣೆ ಚೆಲ್ಲಿರುತ್ತದೆ, ಎದುರಿಂದ ಗಾಡಿ ಬರುತ್ತಿರುತ್ತದೆ.

ನಿಮ್ಮ ಕಾರಿನ ಗುಣವನ್ನೂ ಇದಕ್ಕೆ ಸೇರಿಸಿ ನೋಡಿ. ಮುಂದಿನ ಚಕ್ರಕ್ಕೆ ಶಕ್ತಿ ಹೋಗುವ ಹಾಟ್ ಹ್ಯಾಚ್‌ನಲ್ಲಿ (ಹೆಚ್ಚು ಶಕ್ತಿಯ ಸಣ್ಣ ಹ್ಯಾಚ್‌ಬ್ಯಾಕ್ ಕಾರಿನಲ್ಲಿ) ಮುಂದಿನ ಎರಡು ಟೈರ್‌ಗಳೇ ತಿರುಗಿಸಬೇಕು, ಎಳೆಯಬೇಕು, ಬ್ರೇಕಿನ ಹೆಚ್ಚು ಭಾರವನ್ನೂ ಹೊರಬೇಕು. ಅಲ್ಲಿ ಗಟ್ಟಿ ಸೈಡ್‌ವಾಲ್ ಇರುವ, ಬೇಗ ಪ್ರತಿಕ್ರಿಯಿಸುವ ಟೈರ್ ಹೊಂದುತ್ತದೆ. ಎಂಜಿನ್ ನಡುವೆಯೋ ಹಿಂದೆಯೋ ಇರುವ ಕಾರಿನ ಹಿಂಬದಿ ಜಾರಲು ಶುರುವಾದರೆ ತಡೆಯುವುದು ಕಷ್ಟ, ಅಲ್ಲಿ ನಿಧಾನವಾಗಿ ಬಿಡುವ ಟೈರೇ ಸ್ನೇಹಿತ. ಮಾಜ್ದಾ ಎಂಎಕ್ಸ್-5 ಥರದ ಹಗುರ ಕಾರಿಗೆ ಭಾರದ ದೊಡ್ಡ ಕಾರುಗಳಿಗೆ ಮಾಡಿದ ಗಟ್ಟಿ ಟೈರ್ ಹಾಕಿದರೆ ಅದು ಬಿಸಿಯೇ ಆಗುವುದಿಲ್ಲ, ಕಾರು ಸುಮ್ನೆ ಕುಣಿಯುತ್ತದೆ. ಮಧ್ಯಮ ಹಿಡಿತದ, ತೂಕ ಕಡಿಮೆ ಇರುವ ಟೈರ್ ಅಂಥ ಕಾರಿಗೆ ಜೀವ ಕೊಡುತ್ತದೆ. ಅಂದ ಹಾಗೆ, ಒಂದೇ ಸೈಜಿನ ಎರಡು ಟೈರ್‌ಗಳ ತೂಕದಲ್ಲಿ ಒಂದು ಕೆಜಿಗೂ ಹೆಚ್ಚು ಅಂತರ ಇರಬಹುದು. ಕಂಪನಿಯ ಮಾಹಿತಿ ಪುಟದಲ್ಲಿ ತೂಕ ಸಿಕ್ಕರೆ ನೋಡಿಕೊಳ್ಳಿ.

ಕಾರಿಗೆ ರನ್‌ಫ್ಲಾಟ್ (ಗಾಳಿ ಹೋದ ಮೇಲೂ ಸ್ವಲ್ಪ ದೂರ ಓಡುವ ಟೈರ್) ಬಂದಿದ್ದರೆ ಸಾಮಾನ್ಯ ಟೈರಿಗೆ ಬದಲಾಗಬಹುದು, ಬಹಳ ಜನ ಹಾಗೆ ಮಾಡುತ್ತಾರೆ. ಓಟ ಮೆತ್ತಗಾಗುತ್ತದೆ, ತೂಕವೂ ಇಳಿಯುತ್ತದೆ. ಆದರೆ ಅಂಥ ಕಾರಿನಲ್ಲಿ ಸ್ಟೆಪ್ನಿ ಇರುವುದಿಲ್ಲ. ಪಂಕ್ಚರ್ ಕಿಟ್, ಗಾಳಿ ಪಂಪ್ ಇಟ್ಟುಕೊಂಡೇ ಹೊರಡಿ, ಸೈಡ್‌ವಾಲ್ ಹರಿದರೆ ಅದೂ ಕೆಲಸಕ್ಕೆ ಬರುವುದಿಲ್ಲ ಅನ್ನುವುದು ಗೊತ್ತಿರಲಿ.

ಹೆಜ್ಜೆ 6: ಎರಡೋ, ನಾಲ್ಕೋ

ಸಾಧ್ಯವಾದರೆ ನಾಲ್ಕು. ಆಲ್ ವೀಲ್ ಡ್ರೈವ್, ಅಂದರೆ ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಕಾರು ಆದರೆ ಇದು ಸಲಹೆಗಿಂತ ಹೆಚ್ಚು. ಸವೆದ ಟೈರಿನ ಸುತ್ತಳತೆ ಹೊಸದಕ್ಕಿಂತ ಕಡಿಮೆ, ಹಾಗಾಗಿ ಅದು ಸದಾ ಸ್ವಲ್ಪ ವೇಗವಾಗಿ ಸುತ್ತುತ್ತದೆ, ಆ ಅಂತರವನ್ನು ಮುಂದಿನ ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ನಡುವಿನ ಡಿಫರೆನ್ಶಿಯಲ್ ಇಡೀ ಹೊತ್ತು ತಾಳಿಕೊಳ್ಳಬೇಕಾಗುತ್ತದೆ. ಸುಬಾರು ಕಾರು ಕಂಪನಿ ನಾಲ್ಕೂ ಟೈರ್‌ಗಳ ಸುತ್ತಳತೆಯಲ್ಲಿ ಕಾಲು ಇಂಚಿಗಿಂತ ಹೆಚ್ಚು ಅಂತರ ಇರಬಾರದು ಅನ್ನುತ್ತದೆ. ನಿಮ್ಮ ಕಾರಿನ ಕೈಪಿಡಿ ಏನು ಹೇಳುತ್ತದೆ ನೋಡಿ.

ಎರಡೇ ಕೊಳ್ಳುವುದಾದರೆ, ಅದೂ ಮುಂದೆ ಹಿಂದೆ ಒಂದೇ ಸೈಜ್ ಇರುವ ಕಾರಾದರೆ, ಹೊಸ ಜೋಡಿ ಹಿಂದಕ್ಕೆ ಹೋಗಲಿ. ಶಕ್ತಿ ಯಾವ ಚಕ್ರಕ್ಕೆ ಹೋದರೂ ಇದೇ ಮಾತು. ಮುಂಬದಿ ಜಾರಿದರೆ ಕಾರು ನೇರ ಹೋಗುತ್ತದೆ, ಕಾಲು ತೆಗೆದರೆ ಬಹಳ ಸಲ ಸರಿಯಾಗುತ್ತದೆ. ಹಿಂಬದಿ ಜಾರಿದರೆ ಕಾರು ಸುತ್ತುತ್ತದೆ. ಒಂದೇ ಆಕ್ಸಲ್‌ನಲ್ಲಿ ಎರಡು ಬೇರೆ ಟೈರ್ ಮಾತ್ರ ಬೇಡವೇ ಬೇಡ.

ಹೆಜ್ಜೆ 7: ಕೊಳ್ಳುವಾಗ, ಹಾಕಿಸುವಾಗ

ಸೈಡ್‌ವಾಲ್ ಮೇಲೆ ಡಾಟ್ (DOT) ಅಕ್ಷರಗಳಿಂದ ಶುರುವಾಗುವ ಸಂಕೇತದ ಕೊನೆಯ ನಾಲ್ಕು ಅಂಕಿ ನೋಡಿ. 2324 ಅಂತಿದ್ದರೆ 2024ರ 23ನೇ ವಾರದಲ್ಲಿ ತಯಾರಾದದ್ದು. ಆ ಪೂರ್ತಿ ಸಂಕೇತ ಒಂದೇ ಬದಿಯಲ್ಲಿ ಇರುವುದೂ ಉಂಟು, ಕಾಣದಿದ್ದರೆ ಟೈರ್ ಮಗುಚಿ ನೋಡಿ. ಕೆಲವು ತಿಂಗಳು ಹಳೆಯದಾದರೆ ಚಿಂತೆ ಇಲ್ಲ. ವರ್ಷಗಟ್ಟಲೆ ಹಳೆಯದನ್ನು ರಿಯಾಯಿತಿ ಅಂತ ಕೊಟ್ಟರೆ ನಯವಾಗಿ ಬೇಡ ಅನ್ನಿ. ಅಪರೂಪಕ್ಕೆ ಓಡುವ ಸ್ಪೋರ್ಟ್ಸ್ ಕಾರಿನ ಟೈರ್ ಸವೆದು ಹಾಳಾಗುವುದಕ್ಕಿಂತ ವಯಸ್ಸಾಗಿ ಗಟ್ಟಿಯಾಗುವುದೇ ಹೆಚ್ಚು. ನಾಲ್ಕಕ್ಕೂ ಸಂಕೇತ ಹತ್ತಿರ ಹತ್ತಿರ ಇರಲಿ.

ಹಾಕುವಾಗ ಹತ್ತಿರವೇ ನಿಲ್ಲಿ. ಹೊರ ಬದಿ ಅಂತ ಬರೆದ ಮೈ ಹೊರಗೇ ಇದೆಯಾ, ಬಾಣದ ಗುರುತಿದ್ದರೆ ಅದು ಮುಂದಕ್ಕೆ ಸುತ್ತುವ ದಿಕ್ಕಿಗಿದೆಯಾ ನೋಡಿ. ವಾಲ್ವ್ ಹೊಸದಿರಲಿ. ಬ್ಯಾಲೆನ್ಸಿಂಗ್ ಆದ ಮೇಲೆ ನಟ್‌ಗಳನ್ನು ಕೊನೆಗೆ ಟಾರ್ಕ್ ರೆಂಚಿನಿಂದ ಬಿಗಿಯಲು ಹೇಳಿ, ಏರ್ ಗನ್ ಒಂದನ್ನೇ ನಂಬಬೇಡಿ. 80 ರಿಂದ 100 ಕಿ.ಮೀ. ಆದ ಮೇಲೆ ಇನ್ನೊಂದು ಸಲ ಪರೀಕ್ಷಿಸಿ. ಅಲೈನ್‌ಮೆಂಟ್ (ಚಕ್ರಗಳ ಕೋನ ಸರಿಪಡಿಸುವುದು) ಅದೇ ದಿನ ಮಾಡಿಸಿ, ನಾಲ್ಕೂ ಚಕ್ರಕ್ಕೆ, ಮೊದಲಿನ ಮತ್ತು ಆಮೇಲಿನ ಅಂಕಿಗಳ ಪ್ರಿಂಟ್ ತೆಗೆದುಕೊಳ್ಳಿ. ಮೊದಲ ಹೆಜ್ಜೆಯಲ್ಲಿ ಒಳ ಅಂಚಿನ ಸವೆತ ಕಂಡಿದ್ದರೆ ಅದನ್ನು ಇಲ್ಲಿ ಹೇಳಬೇಕು.

ಹೆಜ್ಜೆ 8: ಮೊದಲ ಕಿಲೋಮೀಟರ್‌ಗಳು ಮತ್ತು ಗಾಳಿ

ಹೊಸ ಟೈರ್ ಜಾರುತ್ತದೆ. ಅಚ್ಚಿನಿಂದ ಬಿಡಿಸಲು ಬಳಸಿದ ಜಿಡ್ಡಿನ ಪದರ ಮೈ ಮೇಲೆ ಉಳಿದಿರುತ್ತದೆ, ರಿಮ್ಮಿಗೆ ಹತ್ತಿಸಲು ಹಚ್ಚಿದ ಲೂಬ್ರಿಕೆಂಟ್ ಕೂಡ ಒಣಗಿರುವುದಿಲ್ಲ. ಹೊರಟ ಕೂಡಲೇ ಜೋರಾಗಿ ಎಕ್ಸಲರೇಟರ್ ಒತ್ತಿದರೆ ಟೈರ್ ರಿಮ್ಮಿನ ಮೇಲೆ ಜಾರಿ ಬ್ಯಾಲೆನ್ಸಿಂಗ್ ಕೆಡಬಹುದು. ಮೊದಲ 200ರಿಂದ 300 ಕಿ.ಮೀ. ಸಮಾಧಾನವಾಗಿ ಓಡಿಸಿ, ಮಳೆಯಲ್ಲಿ ಇನ್ನೂ ಎಚ್ಚರ.

ಗಾಳಿಯನ್ನು ಟೈರ್ ತಣ್ಣಗಿರುವಾಗ ಅಳೆಯಿರಿ, ಬಾಗಿಲ ಸ್ಟಿಕರ್‌ನ ಅಂಕಿಯಿಂದ ಶುರು ಮಾಡಿ. ಸೈಡ್‌ವಾಲ್ ಮೇಲೆ ಅಚ್ಚಾದ ಗರಿಷ್ಠ ಒತ್ತಡ ಟೈರ್ ತಡೆಯುವ ಮಿತಿ, ಅಷ್ಟು ತುಂಬಿಸಬೇಕು ಅಂತಲ್ಲ. ಹವೆಯಲ್ಲಿ 5–6 ಡಿಗ್ರಿ ಏರಿಳಿದರೆ ಸುಮಾರು 1 ಪಿಎಸ್‌ಐ ಏರಿಳಿಯುತ್ತದೆ, ಹಾಗಾಗಿ ಋತು ಬದಲಾದಾಗ ತಪ್ಪದೆ ನೋಡಿ. ಒಳ್ಳೆಯ ಗೇಜ್ ಒಂದು ನಿಮ್ಮದೇ ಇರಲಿ, ಪಂಪಿನ ಗೇಜ್ ಎಲ್ಲ ಕಡೆ ಒಂದೇ ಥರ ತೋರಿಸುವುದಿಲ್ಲ.

1,000 ಕಿ.ಮೀ. ಆದಾಗ ಒಳಗೆ, ನಡುವೆ, ಹೊರಗೆ ಮೂರು ಕಡೆ ಟ್ರೆಡ್ ಆಳ ಅಳೆದು ಬರೆದಿಡಿ, 5,000ಕ್ಕೆ ಇನ್ನೊಂದು ಸಲ. ನಡುಭಾಗ ಬೇಗ ಇಳಿಯುತ್ತಿದ್ದರೆ ಗೇಜ್ ಸರಿಯಾಗಿದೆಯಾ, ಗಾಳಿ ಸ್ಟಿಕರ್‌ಗಿಂತ ಮೇಲಿದೆಯಾ ನೋಡಿ. ಒಳ ಅಂಚು ಬೇಗ ಇಳಿಯುತ್ತಿದ್ದರೆ ಅಲೈನ್‌ಮೆಂಟ್ ಪ್ರಿಂಟ್ ಹಿಡಿದುಕೊಂಡು ವಾಪಸ್ ಹೋಗಿ. ಬಹಳ ದೇಶಗಳಲ್ಲಿ ಕಾನೂನಿನ ಮಿತಿ 1.6 ಮಿ.ಮೀ., ಆದರೆ ಅಗಲದ ಪರ್ಫಾರ್ಮೆನ್ಸ್ ಟೈರ್ ಅಷ್ಟೊತ್ತಿಗಾಗಲೇ ನಿಂತ ನೀರಿನಲ್ಲಿ ನಂಬಿಕೆಗೆ ಉಳಿದಿರುವುದಿಲ್ಲ. ಮಳೆಗಾಲ ಬರುವ ಮೊದಲು ಆಳ 3 ಮಿ.ಮೀ.ಗೆ ಇಳಿದಿದ್ದರೆ ಮುಂದಿನ ಸೆಟ್ ಆಗಲೇ ಹಾಕಿಸಿ.